ಆರನೆಯ ದಿನದ ಗೆರೆ

ಆರು ಕಿಲೋಮೀಟರಿನ ಸೈಕಲ್ ಓಟದಲ್ಲಿ ಆಫ್ರೀನ್ ಮೊದಲು ಬಂದಳು. ಎರಡನೆಯ ಹುಡುಗಿ ಗುರಿ ಮುಟ್ಟುವಷ್ಟರಲ್ಲಿ ಇವಳು ಸೈಕಲ್ಲಿನಿಂದ ಇಳಿದು, ಹೆಲ್ಮೆಟ್ ಕಳಚಿ, ಅವ್ವನ ಕೈಯಿಂದ ಬಾಟಲಿ ಕಸಿದುಕೊಂಡು ಅರ್ಧ ನೀರು ಕುಡಿದಾಗಿತ್ತು. ಮೈದಾನದ ಅಂಚಿನ ಶಾಮಿಯಾನದಲ್ಲಿ ಕ್ರೀಡಾ ಶಾಲೆಯವರು ಮೇಜು ಹಾಕಿಕೊಂಡು ಕುಳಿತಿದ್ದರು. ಮಾಲನಬಿ ಮಗಳ ಹೆಗಲ ಮೇಲೆ ಕೈಯಿಟ್ಟು ಅಲ್ಲಿಗೆ ಕರೆದೊಯ್ದಳು. ಹತ್ತು ವರ್ಷದ ಆ ಹೆಗಲು ಇನ್ನೂ ಬಿಸಿಯಾಗಿ ಬೆವರುತ್ತಿತ್ತು.

ಅಧಿಕಾರಿ ಜನನ ಪತ್ರ ನೋಡಿದ, ಶಾಲೆಯ ಪತ್ರ ನೋಡಿದ. ಮೂರನೆಯ ಕಾಗದ ತೆಗೆದವನೇ ಕೈ ನಿಲ್ಲಿಸಿದ.

"ಅಕ್ಕಾರ, ಇದು ಬೂದು ಕಾರ್ಡ್ ಐತಲ್ರಿ."

"ಹೌದ್ರಿ. ಆದ್ರ ಓಟದಾಗ ಫಸ್ಟ್ ಬಂದಾಳ, ನೀವ ನೋಡೀರಿ."

"ಇವತ್ತ ಬಂದಾಳ, ಇಲ್ಲ ಅನ್ನಂಗಿಲ್ಲ. ಆದ್ರ ನಮ್ಮಲ್ಲಿ ಆರು ವರ್ಷ ಹಾಲು, ತತ್ತಿ, ಮಾಂಸ ಹಾಕಿ ಬೆಳಸ್ತೀವಿ. ಬೂದು ಕಾರ್ಡಿನ ಮಕ್ಕಳಿಗೆ ಹಾಕಿದ್ದು ಮೈಗೆ ಹತ್ತಂಗಿಲ್ಲ ಅಂತ ನಿಯಮದಾಗ ಬರದಾರ. ನಾ ಏನ್ ಮಾಡ್ಲಿ ಹೇಳ್ರಿ?" ಎಂದು ಅವನು ಕಾರ್ಡನ್ನು ತಿರುಗಿಸಿ ಕೆಳಗಿನ ಮೂಲೆಗೆ ಬೆರಳಿಟ್ಟ. "ಕೇಳೂದಿದ್ರ ಇಲ್ಲಿ ಸೈನ್ ಮಾಡಿದವರನ್ನ ಕೇಳ್ರಿ."

ಆ ಸಹಿ ಮಾಲನಬಿಗಿಂತ ಮೊದಲು ಇದ್ದ ತಂತ್ರಜ್ಞನದು. ಆದರೆ ಅವನು ನಿವೃತ್ತನಾದ ಮೇಲೆ, ಈ ಏಳು ವರ್ಷಗಳಲ್ಲಿ, ಜಿಲ್ಲೆಯ ಪ್ರತಿಯೊಂದು ಕಾರ್ಡಿನ ಆ ಮೂಲೆಯಲ್ಲಿ ಬಿದ್ದಿದ್ದ ಸಹಿ ಅವಳದೇ. ಮಾಲನಬಿ ನದಾಫ, ಪ್ರಯೋಗಾಲಯ ತಂತ್ರಜ್ಞೆ. ಅವಳು ಕಾಗದಗಳನ್ನು ಎತ್ತಿಕೊಂಡಳು.

ಆ ಕಾರ್ಡಿನ ಕಥೆ ಹೀಗೆ. ಹನ್ನೆರಡು ವರ್ಷಗಳ ಹಿಂದೆ ರಾಜ್ಯದಲ್ಲಿ ಶಿಶು ಪೋಷಣಾ ಮಂಡಳಿ ಎಂಬುದು ಹುಟ್ಟಿತು. ಅದರ ವಿಜ್ಞಾನಿಗಳು ಒಂದು ಯಂತ್ರ ತಂದರು. ಕೂಸಿನ ಹಿಮ್ಮಡಿಯಿಂದ ತೆಗೆದ ಎರಡು ಹನಿ ರಕ್ತ ಹಾಕಿದರೆ ಸಾಕು, ಕರುಳು ತಯಾರಿಸುವ ಹಾರ್ಮೋನುಗಳು ಎಷ್ಟೆಷ್ಟಿವೆ ಎಂದು ಅದು ಅಳೆದು ಹೇಳುತ್ತಿತ್ತು. ಜಠರಕ್ಕೆ ಕೆಲಸ ಹಚ್ಚುವ ಗ್ಯಾಸ್ಟ್ರಿನ್, ಕರುಳನ್ನು ಅಲೆ ಅಲೆಯಾಗಿ ಆಡಿಸುವ ಮೋಟಿಲಿನ್, ಕರುಳಿನ ಒಳಪದರ ಬೆಳೆಯುವಂತೆ ಮಾಡುವ ಎಂಟರೋಗ್ಲುಕಗಾನ್, ಹೀಗೆ ಐದು. ಹುಟ್ಟಿದಾಗ ಇವೆಲ್ಲ ಕೆಳಗೇ ಇರುತ್ತವೆ. ದಿನ ತುಂಬಿ ಹುಟ್ಟಿದ ಗಟ್ಟಿ ಕೂಸುಗಳಲ್ಲಿ ಆರನೆಯ ದಿನಕ್ಕೆ ಹಲವು ಪಟ್ಟು ಏರಿರುತ್ತವೆ. ಪರದೆಯ ಮೇಲೆ ಗೆರೆ ಗುಡ್ಡದ ಹಾಗೆ ಎದ್ದು ನಿಲ್ಲುತ್ತದೆ. ಹಾಗೆ ಎದ್ದರೆ ಹಸಿರು ಕಾರ್ಡು, ಅರ್ಧ ಎದ್ದರೆ ಹಳದಿ, ಏಳದೇ ನೆಲ ಹಿಡಿದು ಮಲಗಿದರೆ ಬೂದು. ಬೂದು ಎಂದರೆ ಈ ಕೂಸಿನ ಕರುಳು ಜನ್ಮತಃ ದುರ್ಬಲ, ತಿಂದದ್ದು ಪೂರಾ ದಕ್ಕುವುದಿಲ್ಲ ಎಂದು ಅರ್ಥ.

ಮೊದಲಿಗೆ ಕಾರ್ಡು ಆಸ್ಪತ್ರೆಯ ಕಡತದಲ್ಲಷ್ಟೇ ಇತ್ತು. ಆಮೇಲೆ ಅಂಗನವಾಡಿಯವರು ಕೇಳಿದರು. ಹಸಿರು, ಹಳದಿಯವರಿಗೆ ವಾರಕ್ಕೆ ಆರು ತತ್ತಿ, ಬೂದಿನವರಿಗೆ ಎರಡು. ಆಮೇಲೆ ವಸತಿ ಶಾಲೆಗಳು ಕೇಳಿದವು, ಈಗ ಕ್ರೀಡಾ ಶಾಲೆ. ಹೆಚ್ಚಿನ ಬೂದು ಕಾರ್ಡುಗಳು ಹೋಗುತ್ತಿದ್ದುದು ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳಿಗೆ. ಅದು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ. ಅವಸರಕ್ಕೆ ಹುಟ್ಟಿದವು, ಕರುಳು ಕಾಯಿ ಇದ್ದಾಗಲೇ ಬಂದವು ಎನ್ನುತ್ತಿದ್ದರು. ಮಾಲನಬಿಯೂ ಅದನ್ನೇ ನಂಬಿದ್ದಳು. ಆಫ್ರೀನ್ ಹುಟ್ಟಿದ್ದು ಎಂಟನೆಯ ತಿಂಗಳ ಮೊದಲ ವಾರದಲ್ಲಿ, ಒಂದೂಕಾಲು ಕಿಲೋ ತೂಕದಲ್ಲಿ.

ಮನೆಗೆ ಬಂದಾಗ ದಾವಲಸಾಬ ಗಾದಿ ಅಂಗಡಿಯಿಂದ ಊಟಕ್ಕೆ ಬಂದಿದ್ದ. ಮೀಸೆಯ ಮೇಲೆ, ಹುಬ್ಬಿನ ಮೇಲೆ ಅರಳೆಯ ಎಳೆಗಳು. ಹೆಂಡತಿಯ ಮುಖ ನೋಡಿದವನೇ ತಾನೇ ತಾಟುಗಳನ್ನು ಇಟ್ಟ. ಮೂವರೂ ಊಟಕ್ಕೆ ಕುಳಿತರು. ಮಾಲನಬಿ ಮಗಳ ತಾಟಿಗೆ ಎರಡನೆಯ ರೊಟ್ಟಿ, ಅದರ ಮೇಲೆ ತತ್ತಿಯ ಪಲ್ಯ ಹಾಕಲು ಹೋದಳು. ಆಫ್ರೀನ್ ತಾಟಿನ ಮೇಲೆ ಕೈ ಅಡ್ಡ ಹಿಡಿದಳು.

"ಅಪ್ಪಗ ಹಾಕವ್ವ."

"ಯಾಕ? ಓಡಿ ಬಂದಿ, ಹಸಿವಾಗಿಲ್ಲೇನು?"

"ಆಗೇತಿ. ಆದ್ರ ನಂಗ ಹಾಕಿದ್ದು ಹತ್ತಂಗಿಲ್ಲಂತಲ್ಲ. ಸುಮ್ನ ಹಾಳ ಯಾಕ?"

ದಾವಲಸಾಬ ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಟ್ಟ. ಅವನು ಮಾತು ಕಡಿಮೆಯ ಮನುಷ್ಯ. ಎದ್ದು ಕೈ ತೊಳೆದುಕೊಂಡು ಬಂದು ಹೆಂಡತಿಗೆ ಇಷ್ಟೇ ಹೇಳಿದ: "ನೀ ಆ ಮಷೀನಿನ ಮುಂದ ಏಳು ವರ್ಷ ಕುಂತಿ. ಅದು ಖರೇ ಹೇಳತೈತೋ ಸುಳ್ಳ ಹೇಳತೈತೋ, ಒಮ್ಮೆರ ಕೇಳೀಯೇನು?"

ಕೇಳಿರಲಿಲ್ಲ. ಮಾರನೆಯ ದಿನ ಜಿಲ್ಲೆಯ ರಕ್ತಪರೀಕ್ಷಾ ಕೇಂದ್ರಕ್ಕೆ ಹೋದವಳೇ ಅವಳು ಮಾಡಿದ ಮೊದಲ ಕೆಲಸವೆಂದರೆ ಮಗಳ ದಾಖಲೆ ತೆಗೆದದ್ದು. ಪರದೆಯ ಮೇಲೆ ಐದು ಗೆರೆಗಳು, ಐದೂ ನೆಲಕ್ಕೆ ಅಂಟಿದ್ದವು. ಎಷ್ಟು ನೋಡಿದರೂ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಆಮೇಲೆ ಅವಳು ಕಳೆದ ಮೂರು ವರ್ಷದಲ್ಲಿ ಮಗಳ ಹಾಗೆ ಅವಧಿಗೆ ಮುಂಚೆ, ಒಂದೂವರೆ ಕಿಲೋದೊಳಗೆ ಹುಟ್ಟಿದ ಎಲ್ಲ ಕೂಸುಗಳನ್ನೂ ಆಸ್ಪತ್ರೆವಾರು ಬೇರ್ಪಡಿಸಿದಳು. ಇಪ್ಪತ್ತೆರಡು ಆಸ್ಪತ್ರೆಗಳ ಪಟ್ಟಿಗಳು ತಳದಿಂದ ತುದಿಯವರೆಗೆ ಬೂದು. ಇಪ್ಪತ್ತಮೂರನೆಯದು ಸಿದ್ದನಕೊಪ್ಪದ ತಾಲ್ಲೂಕು ಆಸ್ಪತ್ರೆ. ಅಲ್ಲಿ ಅರವತ್ತೊಂದು ಕೂಸುಗಳಲ್ಲಿ ಬೂದು ಏಳೇ ಏಳು. ಉಳಿದದ್ದೆಲ್ಲ ಹಳದಿ, ಹಸಿರು.

ಅವಳು ಪಟ್ಟಿಯನ್ನು ಕೇಂದ್ರದ ಮುಖ್ಯಸ್ಥ ಡಾಕ್ಟರ್ ಗಲಗಲಿಯವರ ಮುಂದಿಟ್ಟಳು. ಒಳ್ಳೆಯ ಮನುಷ್ಯರು, ಆದರೆ ಮೇಲಿನಿಂದ ಬಂದ ಕಾಗದವೆಂದರೆ ಎದ್ದು ನಿಂತು ಓದುವಂಥವರು.

"ಇದರಾಗ ಏನೋ ಮಸಲತ್ತು ಅದ," ಎಂದರು ಅವರು. "ಅಲ್ಲಿಯವರು ದಿನ ತುಂಬಿದ ಕೂಸಿನ ರಕ್ತ ತಗದು, ಈ ಕೂಸಿನ ಹೆಸರು ಹಚ್ಚಿ ಕಳಸ್ಲಿಕತ್ತಾರ. ಪಾಪ ಅನಿಸಿರಬೇಕು. ಆದರ ಮಂಡಳಿಗೆ ಗೊತ್ತಾದರ ನನ್ನ ಕುತ್ತಿಗಿಗೆ ಬರ್ತದ. ನೀವ ಹೋಗಿ ನೋಡಿಕೊಂಡು ಬರ್ರಿ, ಮಾಲನಬಿ."

ಹೀಗೆ, ಕಳ್ಳತನ ಹಿಡಿಯಲು ಹೋದವಳು ಮಾಲನಬಿ.

ಸಿದ್ದನಕೊಪ್ಪದ ಆಸ್ಪತ್ರೆಯ ನವಜಾತ ಕೋಣೆಯಲ್ಲಿ ಕೂಸುಗಳನ್ನು ಬೆಚ್ಚಗಿಡುವ ನಾಲ್ಕು ತೊಟ್ಟಿಲುಗಳಿದ್ದವು. ಮೂರರಲ್ಲಿ ಕೂಸುಗಳಿದ್ದವು, ಒಂದು ಮೊಳವೂ ಉದ್ದವಿಲ್ಲದವು. ನೋಡಿಕೊಳ್ಳುತ್ತಿದ್ದವರು ಸಿಸ್ಟರ್ ಕಸ್ತೂರಿ ಬಡಿಗೇರ, ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಹೆಂಗಸು. ಮಾಲನಬಿ ಬಂದ ಕಾರಣ ಹೇಳುತ್ತಿದ್ದಂತೆ ಅವರು ನಕ್ಕುಬಿಟ್ಟರು.

"ನಿಮ್ಮ ಕಣ್ಮುಂದ ತಗೀತೀನಿ, ಬರ್ರಿ. ಈ ಕೂಸಿಗೆ ಇವತ್ತ ಆರನೇ ದಿನ."

ಮಾಲನಬಿ ನೋಡುತ್ತಿರುವಂತೆಯೇ ಹಿಮ್ಮಡಿ ಚುಚ್ಚಿ ಎರಡು ಹನಿ ತೆಗೆದು ಅವಳ ಕೈಗೇ ಕೊಟ್ಟರು. ಮೋಸವೇನೂ ಇರಲಿಲ್ಲ. ಆಗ ಪರದೆಯ ಹಿಂದಿನಿಂದ ಒಬ್ಬ ಬಾಣಂತಿ ಹೊರಗೆ ಬಂದು ಚಿಕ್ಕ ಸ್ಟೀಲ್ ಬಟ್ಟಲನ್ನು ಸಿಸ್ಟರ್ ಕೈಗಿತ್ತಳು. ತಳದಲ್ಲಿ ಒಂದು ಚಮಚೆಯಷ್ಟು ತೆಳುಹಳದಿ ಬಣ್ಣದ ಎದೆಹಾಲು. ಕಸ್ತೂರಿ ಅದರಲ್ಲಿ ಒಂದೇ ಮಿಲಿಲೀಟರನ್ನು ಸಿರಿಂಜಿಗೆ ಎಳೆದುಕೊಂಡು, ಕೂಸಿನ ಮೂಗಿನಿಂದ ಜಠರಕ್ಕೆ ಹೋಗಿದ್ದ ನೂಲಿನಂಥ ನಳಿಕೆಗೆ ಜೋಡಿಸಿ ಮೇಲೆ ಹಿಡಿದರು. ಹಾಲು ತಾನಾಗಿ ಇಳಿಯಿತು.

"ಸಿಸ್ಟರ್!" ಮಾಲನಬಿ ಬೆಚ್ಚಿದಳು. "ಒಂದೂವರಿ ಕಿಲೋದಕಿಂತ ಕಡಿಮಿ ಇದ್ದ ಕೂಸಿಗೆ ಹತ್ತು ದಿನ ಬಾಯಿಂದ ಏನೂ ಕೊಡಬಾರ್ದು. ಬರೇ ನರದಾಗ ಸಕ್ಕರಿ, ಪ್ರೋಟೀನ್ ಹಾಕಿದ ಸಲೈನ್ ಮ್ಯಾಲ ಇಡಬೇಕು. ಮಂಡಳಿ ಆದೇಶ ಐತಿ."

"ಐತಿ. ಗ್ವಾಡಿ ಮ್ಯಾಲ ಹಚ್ಚೀನಿ ನೋಡ್ರಿ," ಎಂದು ಕಸ್ತೂರಿ ಕಣ್ಣಿನಲ್ಲೇ ಗೋಡೆ ತೋರಿಸಿದರು. "ಒಂದು ಆಸ್ಪತ್ರಿಯಾಗ ಹಾಲು ಕೊಟ್ಟ ಮ್ಯಾಲ ಕರಳ ಕೊಳತು ಹದಿನೇಳು ಕೂಸು ಸತ್ವು. ಹೆದರಿ ಈ ಆದೇಶ ಮಾಡಿದ್ರು. ಹೆದರಿಕಿ ಖರೇನ ಐತ್ರಿ, ನಾ ಇಲ್ಲ ಅನ್ನಂಗಿಲ್ಲ. ಅದಕ್ಕ ನಾ ಎಲ್ಲಾ ಕೂಸಿಗೂ ಕೊಡಂಗಿಲ್ಲ. ಹೊಟ್ಟಿ ಉಬ್ಬಿದ್ರ, ಹಸರ ವಾಂತಿ ಆದ್ರ, ಅಲ್ಲೇ ನಿಲ್ಲಸ್ತೀನಿ. ಕೊಟ್ರೂ ಹೊಟ್ಟಿ ತುಂಬಾಕ ಅಲ್ಲ. ಹೊಟ್ಟಿ ತುಂಬೂದು ಸಲೈನಿನಿಂದನ. ಇದು ಬರೇ ಕರಳಿಗೆ ತಿಳಿಸಾಕ."

"ಏನ್ ತಿಳಿಸಾಕ?"

"ಹೊರಗ ಬಂದೀ, ಕೆಲಸ ಚಾಲೂ ಮಾಡು ಅಂತ. ಬಸರಾಗ ಇದ್ದಾಗ ಊಟ ಎಲ್ಲಾ ಹೊಕ್ಕಳ ಹುರಿಯಿಂದ ಬರತಿತ್ತು. ಕರಳಿಗೆ ಏನ್ ಕೆಲಸ? ಹಾಲು ಬಿದ್ದ ಮ್ಯಾಲನ ಅದು ಹಾರ್ಮೋನ ಬಿಡೂದು, ಬೆಳಿಯೂದು. ನಾ ಕಲತಲ್ಲಿ ಒಬ್ರು ಮುದುಕ ಡಾಕ್ಟರಿದ್ರು. ದಿನ ತುಂಬಿದ ಕೂಸಾಗ್ಲಿ, ತುಂಬಲಾರದ್ದಾಗ್ಲಿ, ಮೊದಲ ಹನಿ ಬೀಳೂತನ ಕರಳು ಮಲಗಿರತೈತಿ ಅಂತಿದ್ರು." ಸಿರಿಂಜು ಖಾಲಿಯಾಯಿತು. ಅವರು ನಳಿಕೆ ಮುಚ್ಚಿ ಮಾಲನಬಿಯ ಕಡೆ ತಿರುಗಿದರು. "ನಾ ಒಂದು ಕೇಳಲೇನ್ರಿ? ನಿಮ್ಮ ಕಾರ್ಡಿನ್ಯಾಗ, ಈ ಕೂಸಿಗೆ ಮೊದಲ ಹಾಲು ಯಾವತ್ತ ಕೊಟ್ರು ಅಂತ ಬರಿಯಾಕ ಜಾಗಾ ಐತೇನು?"

ಮಾಲನಬಿ ಕಾರ್ಡನ್ನು ಕಣ್ಣ ಮುಂದೆ ತಂದುಕೊಂಡಳು. ಸಾವಿರಾರು ಕಾರ್ಡುಗಳಿಗೆ ಸಹಿ ಹಾಕಿದ್ದಳು. ತಾಯಿಯ ಹೆಸರಿಗೆ ಜಾಗವಿತ್ತು, ತೂಕಕ್ಕೆ, ವಿಳಾಸಕ್ಕೆ, ಜಾತಿಗೆ ಕೂಡ ಜಾಗವಿತ್ತು. ಹಾಲಿಗೆ ಇರಲಿಲ್ಲ.

"ಇಲ್ಲ," ಎಂದಳು.

"ಮತ್ತ? ಒಂದ ಮಂಡಳಿ. ಒಂದು ಕೈಯಿಂದ ಹತ್ತು ದಿನ ಹಾಲು ಕೊಡಬ್ಯಾಡ ಅಂತ ಬರೀತೈತಿ. ಇನ್ನೊಂದು ಕೈಯಿಂದ ಆರನೇ ದಿನಕ್ಕ ರಕ್ತ ತಗದು, ಕರಳ ಯಾಕ ಏಳವಲ್ದು ಅಂತ ಕೂಸಿನ್ನ ಕೇಳತೈತಿ." ಕಸ್ತೂರಿ ಈಗ ನಗುತ್ತಿರಲಿಲ್ಲ. "ನನ್ನ ಹೆಸರು ಬರಕೋರಿ, ಕಸ್ತೂರಿ ಬಡಿಗೇರ. ನಾ ಅಡಗಿಸಿ ಮಾಡಿದ್ದಲ್ಲ, ಯಾರೂ ಕೇಳಿರಲಿಲ್ಲ ಅಷ್ಟ."

ಬಸ್ಸಿನಲ್ಲಿ ಹಿಂದಿರುಗುವಾಗ ಮಾಲನಬಿಗೆ ಹತ್ತು ವರ್ಷದ ಹಿಂದಿನ ಆ ದಿನಗಳು ಒಂದೊಂದಾಗಿ ನೆನಪಾದವು. ಜಿಲ್ಲೆಯ ದೊಡ್ಡ ಆಸ್ಪತ್ರೆಯ ಮೂರನೆಯ ಮಹಡಿ, ಗಾಜಿನ ಬಾಗಿಲು, ಹೊರಗೆ ಬೆಂಚು. ಮೂರನೆಯ ದಿನ ಅವಳಿಗೆ ಹಾಲು ಉಕ್ಕಿ ಬಂದಿತ್ತು. ರವಿಕೆ ತೊಯ್ದು, ಮೇಲೆ ಹೊದ್ದ ಸೀರೆ ತೊಯ್ದಿತ್ತು. ಬಾಗಿಲು ತಟ್ಟಿ ಕೇಳಿದಾಗಲೆಲ್ಲ "ಇನ್ನೂ ಟೈಮ್ ಆಗಿಲ್ಲ" ಎನ್ನುತ್ತಿದ್ದರು. ನೋವು ತಾಳದೆ ಅವಳು ಬಚ್ಚಲಿಗೆ ಹೋಗಿ ಆ ಹಾಲನ್ನು ಹಿಂಡಿ ಕೈ ತೊಳೆಯುವ ಬೋಗುಣಿಗೆ ಚೆಲ್ಲುತ್ತಿದ್ದಳು. ದಿನಕ್ಕೆ ಐದಾರು ಸಲ. ನಲ್ಲಿ ಬಿಟ್ಟರೆ ಬೆಳ್ಳಗೆ ತಿರುಗಿ ಹೋಗುತ್ತಿತ್ತು. ಅಷ್ಟು ಹಾಲಿನಲ್ಲಿ ಒಂದೇ ಒಂದು ಚಮಚೆ ಸಾಕಿತ್ತು. ಹನ್ನೆರಡು ಹೆಜ್ಜೆ ಆಚೆ, ಗಾಜಿನ ಹಿಂದೆ, ಅವಳ ಕೂಸು ಇತ್ತು.

ಮನೆಗೆ ಬಂದು ಟ್ರಂಕಿನಿಂದ ಡಿಸ್ಚಾರ್ಜ್ ಕಾಗದ ತೆಗೆದಳು. ಮೊದಲ ಹಾಲು: ಹನ್ನೊಂದನೆಯ ದಿನ. ಅಲ್ಲೇ ಬರೆದಿತ್ತು, ಹತ್ತು ವರ್ಷ ಅವಳದೇ ಮನೆಯಲ್ಲಿ ಇತ್ತು.

ಮಗಳನ್ನು ಹತ್ತಿರ ಕೂರಿಸಿಕೊಂಡು ಎಲ್ಲವನ್ನೂ ಹೇಳಿದಳು. ಮರೆಮಾಚಲಿಲ್ಲ. ಆಫ್ರೀನ್ ಕಾಗದ ಹಿಡಿದುಕೊಂಡು ಎರಡು ಸಲ ಓದಿದಳು.

"ಹಂಗಾರ ನಾ ಹತ್ತು ದಿನ ಉಪಾಸ ಇದ್ನೇನು?"

"ಸಲೈನ್ ಇತ್ತವ್ವಾ. ಆದ್ರ ಹೊಟ್ಟಿಗೆ ಏನೂ ಇರಲಿಲ್ಲ."

"ನೀ ಯಾಕ ಕೊಡ್ಲಿಲ್ಲ?"

"ಬಾಗಲಾ ಹಾಕಿದ್ರು."

"ಒದೀಬೇಕಿತ್ತು," ಎಂದಳು ಆಫ್ರೀನ್. ಕಾಗದವನ್ನು ತಾಯಿಯ ಮಡಿಲಿಗೆ ಹಾಕಿ ಎದ್ದು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದ ಸಿಟ್ಟಿನ ದನಿ ಬಂತು: "ತತ್ತಿ ಎಲ್ಲಿಟ್ಟಿ? ನನಗ ಹಸಿವಾಗೇತಿ."

ಆ ದಿನದಿಂದ ಮಾಲನಬಿ ಮೂರು ವಾರ ಊಟದ ಬಿಡುವಿನಲ್ಲೂ ಫೋನು ಹಿಡಿದು ಕುಳಿತಳು. ಹಾಲಿನ ದಿನಾಂಕ ಯಂತ್ರದಲ್ಲಿ ಇರಲಿಲ್ಲವಾದ್ದರಿಂದ ಒಂದೊಂದು ಆಸ್ಪತ್ರೆಗೂ ಕರೆ ಮಾಡಿ, ಹಳೆಯ ಕೇಸ್ ಪೇಪರು ತೆಗೆಸಿ, ಒಂದೊಂದೇ ಕೂಸಿಗೆ ಮೊದಲ ಹಾಲಿನ ದಿನ ಬರೆದುಕೊಂಡಳು. ನಾಲ್ಕುನೂರ ಹನ್ನೆರಡು ಕೂಸುಗಳು. ಆರನೆಯ ದಿನಕ್ಕೆ ಮೊದಲು ಒಂದಿಷ್ಟಾದರೂ ಹಾಲು ಕಂಡವುಗಳಲ್ಲಿ ಗೆರೆ ಎದ್ದಿತ್ತು. ಕಾಣದವುಗಳಲ್ಲಿ ಮಲಗಿತ್ತು. ತೂಕ ಎಷ್ಟು, ಎಷ್ಟು ವಾರಕ್ಕೆ ಹುಟ್ಟಿತು ಎಂಬುದರಿಂದ ದೊಡ್ಡ ವ್ಯತ್ಯಾಸವೇನೂ ಆಗುತ್ತಿರಲಿಲ್ಲ.

ಕೊನೆಯ ಹಾಳೆಗೆ ಅವಳು ಬೇರೆ ಬಗೆಯ ಕೂಸುಗಳನ್ನು ಹುಡುಕಿ ತೆಗೆದಳು. ದಿನ ತುಂಬಿ ಹುಟ್ಟಿದ ಹದಿನಾಲ್ಕು ಕೂಸುಗಳು. ಮೂರು ಕಿಲೋ, ಮೂರೂಕಾಲು ಕಿಲೋ. ಹುಟ್ಟಿದಾಗ ಉಸಿರಿನ ತೊಂದರೆಯಾಗಿ ಒಂದು ವಾರ ಬರೀ ಸಲೈನಿನ ಮೇಲೆ ಇದ್ದವು. ಹದಿನಾಲ್ಕಕ್ಕೆ ಹದಿನಾಲ್ಕೂ ಬೂದು. ಅವಸರಕ್ಕೆ ಹುಟ್ಟಿದ್ದಕ್ಕೂ ಗೆರೆಗೂ ಸಂಬಂಧವೇ ಇರಲಿಲ್ಲ. ಮಂಡಳಿ ಹನ್ನೆರಡು ವರ್ಷ ಅಳೆದದ್ದು ಮಕ್ಕಳ ಕರುಳನ್ನಲ್ಲ. ಹಾಲು ಕೊಟ್ಟರೋ ಇಲ್ಲವೋ ಎಂಬುದನ್ನು ಅಳೆದು, ಕೊಡದೆ ಇದ್ದದ್ದರ ಶಿಕ್ಷೆಯನ್ನು ಮಕ್ಕಳಿಗೆ ಬರೆದಿತ್ತು.

ಡಾಕ್ಟರ್ ಗಲಗಲಿ ಹಾಳೆಗಳನ್ನು ಓದಿ ಮುಗಿಸಿ ಕನ್ನಡಕ ತೆಗೆದಿಟ್ಟರು.

"ಇದು ನಮಗ್ಯಾರಿಗೂ ಹೊಳೀಲಿಲ್ಲಲ್ಲ," ಎಂದರು ಮೆಲ್ಲಗೆ.

"ಹೊಳೀಬೇಕಾದ್ರ ಒಂದು ಕಾಲಮ್ ಇರಬೇಕಿತ್ರಿ ಸರ್."

ವರದಿ ಮಂಡಳಿಗೆ ಹೋಯಿತು. ಹತ್ತು ದಿನಕ್ಕೆ ಎರಡು ಕಾಗದಗಳು ಬಂದವು. ಒಂದರಲ್ಲಿ, ತಮ್ಮ ಪತ್ರ ಪರಿಶೀಲನೆಯಲ್ಲಿದೆ ಎಂದಿತ್ತು. ಇನ್ನೊಂದರಲ್ಲಿ, ಆದೇಶ ಮೀರಿ ಶಿಶುಗಳಿಗೆ ಹಾಲು ನೀಡಿದ ಸಿಸ್ಟರ್ ಕಸ್ತೂರಿ ಬಡಿಗೇರ ಅವರನ್ನು ಅಮಾನತಿನಲ್ಲಿ ಇಡಲಾಗಿದೆ ಎಂದಿತ್ತು. ಆ ಹೆಸರನ್ನು ವರದಿಯಲ್ಲಿ ಬರೆದವಳು ಮಾಲನಬಿಯೇ. ಸಿದ್ದನಕೊಪ್ಪದ ಐವತ್ತನಾಲ್ಕು ಕೂಸುಗಳಲ್ಲಿ ಬದುಕಿನ ಗೆರೆ ಎದ್ದದ್ದು ಯಾರ ಕೈಯಿಂದ ಎಂದು ಲೋಕಕ್ಕೆ ತಿಳಿಯಲಿ ಎಂದು ಬರೆದಿದ್ದಳು. ಅವಳು ಎರಡನೆಯ ಕಾಗದವನ್ನು ಓದಿ, ನಿಂತಲ್ಲೇ ನಿಂತು, ಗಲಗಲಿಯವರಿಗೆ ಹೇಳಿದಳು, "ಮಂಡಳಿ ಅಧ್ಯಕ್ಷರ ಕೂಡ ನಾ ಮಾತಾಡಬೇಕ್ರಿ. ಇವತ್ತ."

ಅಧ್ಯಕ್ಷೆ ಡಾಕ್ಟರ್ ಅನಸೂಯಾ ರಾಮನಾಥ್ ಸಂಜೆ ನಾಲ್ಕಕ್ಕೆ ವಿಡಿಯೋದಲ್ಲಿ ಸಿಕ್ಕರು. ಬೆಂಗಳೂರಿನ ಕಚೇರಿ, ಹಿಂದೆ ಪ್ರಶಸ್ತಿ ಫಲಕಗಳು. ಪರೀಕ್ಷೆಯನ್ನು ಹನ್ನೆರಡು ವರ್ಷದ ಹಿಂದೆ ರೂಪಿಸಿದ ತಂಡಕ್ಕೆ ಅವರೇ ಮುಖ್ಯಸ್ಥೆ.

"ನಿಮ್ಮ ಶ್ರಮ ನನಗೆ ಅರ್ಥ ಆಗುತ್ತಮ್ಮ," ಎಂದರು ಅವರು. ದನಿ ಮೃದುವಾಗಿಯೇ ಇತ್ತು. "ಆದ್ರೆ ನಾಲ್ಕುನೂರು ಮಕ್ಕಳು ಅಂದ್ರೆ ಒಂದು ಜಿಲ್ಲೆ. ಇದನ್ನ ದೊಡ್ಡ ಮಟ್ಟದಲ್ಲಿ ಅಧ್ಯಯನ ಮಾಡ್ಬೇಕು. ಮೂರು ವರ್ಷ ಬೇಕಾಗುತ್ತೆ. ಅಲ್ಲಿವರೆಗೆ ಕಾರ್ಡ್ ನಿಲ್ಸಿದ್ರೆ ಜನ ನಮ್ಮನ್ನ ನಂಬ್ತಾರಾ?"

"ಜನ ನಂಬ್ಯಾರಂತನ ಮಕ್ಕಳು ಉಪಾಸ ಅದಾವ್ರಿ ಮೇಡಂ."

"ಉಪವಾಸ ಅನ್ನೋದೆಲ್ಲ ದೊಡ್ಡ ಮಾತು. ಮೊಟ್ಟೆ ಸ್ವಲ್ಪ ಕಡಿಮೆ ಅಷ್ಟೆ."

"ನಿಮ್ಮ ಮನ್ಯಾಗ ಬೂದು ಕಾರ್ಡಿನ ಕೂಸು ಯಾವುದರ ಐತೇನ್ರಿ?"

ಪರದೆಯ ಆ ಕಡೆ ಅಧ್ಯಕ್ಷೆ ಮುಂದಿದ್ದ ಕಾಗದಗಳನ್ನು ಸರಿಸಿದರು. ಗಲಗಲಿಯವರು ಮೇಜಿನ ಕೆಳಗೆ ಕೈಸನ್ನೆ ಮಾಡುತ್ತಿದ್ದರು, ಸಾಕು ಎಂದು. ಮಾಲನಬಿ ನೋಡಲಿಲ್ಲ.

"ನೀವು ಹಾಲು ಕೊಡಬ್ಯಾಡ ಅಂದ್ರಿ, ನಾವು ಕೊಡಲಿಲ್ಲ. ಕೂಸು ಸಾಯ್ತಾವ ಅಂತ ಹೆದರಿ ಹೇಳಿದ್ರಿ, ಅದಕ್ಕ ನನಗ ಸಿಟ್ಟಿಲ್ಲ. ಆದ್ರ ಕೊಡಬ್ಯಾಡ ಅಂದ ಬಾಯಿಂದನ, ಈ ಕೂಸಿಗೆ ಹಾಕಿದ್ದು ದಕ್ಕಂಗಿಲ್ಲ ಅಂತ ಹೆಂಗ ಅಂದ್ರಿ? ಹಾಕಿ ನೋಡಿದ್ರೇನು? ಈಗ ಹಾಕಿದಾಕೀನ ಮನಿಗೆ ಕಳಿಸೀರಿ. ನಾ ಸಹಿ ಮಾಡಂಗಿಲ್ಲ. ಮೊದಲ ಹಾಲಿನ ದಿನ ಬರೀಲಾರದ ಒಂದು ಕಾರ್ಡಿಗೂ ಇನ್ನು ನನ್ನ ಸಹಿ ಬೀಳಂಗಿಲ್ಲ."

ತಂತ್ರಜ್ಞರ ಸಹಿಯಿಲ್ಲದೆ ಕಾರ್ಡು ಊರ್ಜಿತವಲ್ಲ. ಅದೂ ಮಂಡಳಿಯದೇ ನಿಯಮ.

ಮಾರನೆಯ ದಿನದಿಂದ ರಕ್ತದ ಮಾದರಿಗಳು ಎಂದಿನಂತೆ ಬಂದವು. ಅವಳು ಪ್ರತಿಯೊಂದನ್ನೂ ಯಂತ್ರಕ್ಕೆ ಹಾಕಿದಳು, ಗೆರೆ ತೆಗೆದಳು, ಆಮೇಲೆ ಕೆಂಪು ಶಾಯಿಯಲ್ಲಿ 'ಮೊದಲ ಹಾಲು ಯಾವತ್ತು?' ಎಂದು ಬರೆದು ಆಸ್ಪತ್ರೆಗೆ ಮರಳಿಸಿದಳು. ವಾರದೊಳಗೆ ಕಾರಣ ಕೇಳಿ ನೋಟಿಸ್ ಬಂತು. ಉತ್ತರದ ಜಾಗದಲ್ಲಿ ಅವಳು ಅದೇ ಪ್ರಶ್ನೆಯನ್ನು ಬರೆದು ಕಳಿಸಿದಳು. ಗಲಗಲಿಯವರು ಅದಕ್ಕೆ ಮುಖಪತ್ರ ಬರೆಯಬೇಕಿತ್ತು. ಒಂದು ದಿನ ಪೂರ್ತಿ ಅದನ್ನು ಮೇಜಿನ ಮೇಲಿಟ್ಟುಕೊಂಡು ಕುಳಿತರು. ಕೊನೆಗೆ 'ತಂತ್ರಜ್ಞೆಯ ಪ್ರಶ್ನೆಗೆ ನನ್ನಲ್ಲೂ ಉತ್ತರವಿಲ್ಲ' ಎಂಬ ಒಂದು ಸಾಲು ಬರೆದು ಸಹಿ ಹಾಕಿದರು. ಅವರ ಮಟ್ಟಿಗೆ ಅದು ಸಣ್ಣ ಕೆಲಸವಾಗಿರಲಿಲ್ಲ.

ಸುದ್ದಿ ಹರಡಿತು. ನೆರೆಯ ಜಿಲ್ಲೆಯ ಒಬ್ಬ ತಂತ್ರಜ್ಞ ಫೋನು ಮಾಡಿ, "ಅಕ್ಕಾ, ನಮ್ಮ ಪಟ್ಟಿನೂ ನೋಡಿದ್ನಿ. ನಿಮ್ಮಂಗ ಐತಿ," ಎಂದ. ಅವನೂ ಸಹಿ ನಿಲ್ಲಿಸಿದ. ಆಮೇಲೆ ಇನ್ನೊಬ್ಬಳು. ಎರಡು ತಿಂಗಳಲ್ಲಿ ಒಂಬತ್ತು ಜಿಲ್ಲೆಗಳಲ್ಲಿ ಕಾರ್ಡು ಬರುವುದು ನಿಂತಿತು. ಅಂಗನವಾಡಿಯವರಿಗೆ ಯಾವ ಕೂಸಿಗೆ ಎಷ್ಟು ತತ್ತಿ ಎಂದು ತಿಳಿಯದೆ ಎಲ್ಲರಿಗೂ ಸಮನಾಗಿ ಕೊಡತೊಡಗಿದರು. ಯಾವ ಕೂಸಿಗೂ ಏನೂ ಆಗಲಿಲ್ಲ, ಎಲ್ಲವೂ ತಿಂದವು. ಅಮಾನತಿನಲ್ಲಿದ್ದ ಕಸ್ತೂರಿ ಸಿದ್ದನಕೊಪ್ಪದ ಆಸ್ಪತ್ರೆಯ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಒಳಗಿನ ಹುಡುಗಿ ನರ್ಸುಗಳು ಗಂಟೆಗೊಮ್ಮೆ ಬಂದು ಕೇಳಿಕೊಂಡು ಹೋಗುತ್ತಿದ್ದರು.

ಐದನೆಯ ತಿಂಗಳಿಗೆ ಮಂಡಳಿ ಮಣಿಯಿತು. ಬೆಂಗಳೂರಿನ ಸಭಾಂಗಣಕ್ಕೆ ಎಲ್ಲ ಜಿಲ್ಲೆಯ ತಂತ್ರಜ್ಞರನ್ನು ಕರೆಸಿ ಅಧ್ಯಕ್ಷೆ ಹೊಸ ಆದೇಶ ಓದಿದರು. ಇನ್ನು ಮುಂದೆ, ವೈದ್ಯಕೀಯ ಅಡ್ಡಿಯಿಲ್ಲದ ಪ್ರತಿ ಕೂಸಿಗೂ, ಅದು ಎಷ್ಟೇ ಚಿಕ್ಕದಿದ್ದರೂ, ಮೊದಲ ದಿನದಿಂದಲೇ ತಾಯಿಯ ಹಾಲಿನ ಹನಿಗಳು. ಕಾರ್ಡಿನಲ್ಲಿ ಮೊದಲ ಹಾಲಿನ ಸಮಯಕ್ಕೆ ಜಾಗ. ಬೂದು ಬಣ್ಣ ರದ್ದು. ಸಿಸ್ಟರ್ ಬಡಿಗೇರ ಅವರ ಅಮಾನತು ವಾಪಸು. ಚಪ್ಪಾಳೆ ಬಿತ್ತು. ಮಾಲನಬಿ ಚಪ್ಪಾಳೆ ತಟ್ಟದೆ ಎದ್ದು ನಿಂತಳು.

"ಹಳೇ ಕಾರ್ಡು ಏನಾಗ್ತಾವ್ರಿ?"

ಅಧ್ಯಕ್ಷೆ ಕಾಗದ ಮಡಚಿದರು. "ಆದೇಶ ಮುಂದಕ್ಕೆ ಮಾತ್ರ ಅನ್ವಯ ಆಗುತ್ತೆ. ಹಳೆಯದನ್ನ ಬದಲಾಯ್ಸೋಕೆ ಮತ್ತೆ ಪರೀಕ್ಷೆ ಬೇಕು. ಆ ಮಕ್ಕಳ ಆರನೇ ದಿನ ಮುಗಿದು ಹೋಗಿದೆಯಲ್ಲಮ್ಮ, ಏನು ಮಾಡೋಣ?"

"ಆರನೇ ದಿನ ಹೋಗೇತ್ರಿ. ಮಕ್ಕಳು ಹೋಗಿಲ್ಲ."

ಯಾರೋ ಮುಂದಿನ ವಿಷಯ ಎಂದರು. ಸಭೆ ಮುಂದುವರಿಯಿತು.

ಆಫ್ರೀನಿಗೆ ಕ್ರೀಡಾ ಶಾಲೆಯಲ್ಲಿ ಜಾಗ ಸಿಗಲಿಲ್ಲ. ಮುಂದಿನ ಆಯ್ಕೆಯ ಹೊತ್ತಿಗೆ ಅವಳ ವಯಸ್ಸು ಪ್ರವೇಶದ ಮಿತಿಗಿಂತ ಮೂರು ತಿಂಗಳು ಹೆಚ್ಚಾಗಿತ್ತು. ಅವಳು ಊರಿನ ಶಾಲೆಗೇ ಹೋಗುತ್ತಾಳೆ, ಹೆದ್ದಾರಿಯ ಪಕ್ಕದ ರಸ್ತೆಯಲ್ಲಿ ಬೆಳಗ್ಗೆ ಸೈಕಲ್ ಹೊಡೆಯುತ್ತಾಳೆ. ಕ್ರೀಡಾ ಶಾಲೆಯ ಮಕ್ಕಳ ಗುಂಪು ಎದುರಾದರೆ ಅವರ ಕಡೆ ನೋಡುವುದಿಲ್ಲ. ಇದನ್ನು ಸರಿಮಾಡುವ ಆದೇಶವನ್ನು ಯಾರೂ ಹೊರಡಿಸಲಿಲ್ಲ.

ಬೆಂಗಳೂರಿನಿಂದ ಬಂದ ಮೇಲೆ ಮಾಲನಬಿ ಜಿಲ್ಲೆಯ ಹನ್ನೆರಡು ವರ್ಷದ ಬೂದು ಕಾರ್ಡುಗಳ ಪಟ್ಟಿ ತೆಗೆದಳು. ಸಾವಿರದ ಐನೂರು. ಗಲಗಲಿಯವರು ಕೇಂದ್ರದ ಮೊಹರನ್ನು ಅವಳ ಮುಂದಿಟ್ಟು, "ನಾ ನೋಡೇ ಇಲ್ಲ ಅಂತ ತಿಳೀರಿ," ಎಂದು ತಮ್ಮ ಕೋಣೆಗೆ ಹೋದರು. ಒಂದೊಂದು ಮನೆಗೂ ಒಂದೊಂದು ಪತ್ರ. ಅಂಚೆಯಲ್ಲಿ ಹೋದವು ಕೆಲವು, ಆಶಾ ಕಾರ್ಯಕರ್ತೆಯರ ಕೈಯಲ್ಲಿ ಹೋದವು ಕೆಲವು. ರಜಾ ದಿನಗಳಲ್ಲಿ ಹತ್ತಿರದ ಹಳ್ಳಿಗಳಿಗೆ ಅವಳೇ ಹೋದಳು.

ಒಂದು ಭಾನುವಾರ ಮಧ್ಯಾಹ್ನ ಕಲ್ಲು ಹಾಸಿನ ಒಂದು ಮನೆಯ ಮುಂದೆ ನಿಂತಳು. ಬಾಗಿಲಿಗೆ ಬಂದ ಹೆಂಗಸಿಗೆ ಮೂವತ್ತರ ಆಸುಪಾಸು, ಕೈಗೆ ಜೋಳದ ಹಿಟ್ಟು ಮೆತ್ತಿತ್ತು. ಹೆಸರು ನೀಲವ್ವ. ಅಂಗಳದಲ್ಲಿ ಅವಳ ಎಂಟು ವರ್ಷದ ಮಗಳು ಕುಂಟಾಬಿಲ್ಲೆ ಆಡುತ್ತಿದ್ದಳು. ತನಗೆ ಓದು ಬರುವುದಿಲ್ಲ ಎಂದಳು ನೀಲವ್ವ. ಮಾಲನಬಿ ಲಕೋಟೆ ಹರಿದು ಓದಿದಳು.

"ನಿಮ್ಮ ಮಗಳಿಗೆ ಕೊಟ್ಟ ಬೂದು ಕಾರ್ಡು ತಪ್ಪು. ಪರೀಕ್ಷೆಯ ದಿನದವರೆಗೆ ಆಸ್ಪತ್ರೆಯಲ್ಲಿ ಆ ಕೂಸಿಗೆ ಹಾಲು ಕೊಟ್ಟಿರಲಿಲ್ಲ. ಆದ್ದರಿಂದ ಹಾಗೆ ಬಂತು. ಅವಳ ಕರುಳಿನಲ್ಲಿ ಯಾವ ದೋಷವೂ ಕಂಡುಬಂದಿಲ್ಲ. ತಾಯಿಯ ಹಾಲಿನಲ್ಲಿ, ತಾಯಿಯಲ್ಲಿ ಯಾವ ದೋಷವೂ ಇಲ್ಲ. ತಪ್ಪು ನಮ್ಮದು."

ನೀಲವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡು ಕೇಳಿದಳು. ಅವಳ ಕಣ್ಣಿನಲ್ಲಿ ನೀರು ಬರಲಿಲ್ಲ. ಮುಖ ಬಿಗಿಯಾಯಿತು, ನಿನ್ನ ಹಾಲೇ ಸರಿಯಿಲ್ಲ ಎಂದು ಎಷ್ಟೋ ವರ್ಷ ಕೇಳಿಸಿಕೊಂಡ ಮಾತುಗಳಿಗೆಲ್ಲ ಈಗ ಒಮ್ಮೆಗೇ ಉತ್ತರ ಕೊಡಬೇಕೆಂಬ ಹಾಗೆ. ಅವಳು ಒಳಗಿನ ಕತ್ತಲೆಯ ಕಡೆ ಒಮ್ಮೆ ತಿರುಗಿ ನೋಡಿದಳು. ಅಲ್ಲಿ ಯಾರೋ ಕೆಮ್ಮಿದರು.

"ಅಕ್ಕಾರ, ಇನ್ನೊಮ್ಮೆ ಓದ್ರಿ," ಎಂದಳು. "ಜೋರಾಗಿ ಓದ್ರಿ. ಒಳಗ ನಮ್ಮ ಅತ್ತಿ ಅದಾರ."

ಮಾಲನಬಿ ಗಂಟಲು ಸರಿಮಾಡಿಕೊಂಡು, ಹೊಸ್ತಿಲಿಗೆ ಒಂದು ಹೆಜ್ಜೆ ಹತ್ತಿರ ಹೋಗಿ, ಓಣಿಗೆಲ್ಲ ಕೇಳುವ ಹಾಗೆ ಮೊದಲಿನಿಂದ ಓದತೊಡಗಿದಳು.